ಡಂಡಿಯಿಂದ ಬೆಂಗಳೂರಿಗೆ ಬಂದ ಆಟ

ಸ್ಕಾಟ್ಲೆಂಡಿನ ಡಂಡಿ ಒಂದು ಕಾಲಕ್ಕೆ ಸೆಣಬಿನ ಗಿರಣಿಗಳಿಗೆ ಹೆಸರಾದ ಊರು. 1980ರ ದಶಕದ ಆರಂಭದಲ್ಲಿ ಅಲ್ಲಿನ ಟೈಮೆಕ್ಸ್ ಕಾರ್ಖಾನೆಗೆ ಸಿಂಕ್ಲೇರ್ ಕಂಪನಿಯ ಮನೆ ಕಂಪ್ಯೂಟರ್ ಜೋಡಿಸುವ ಕೆಲಸ ಬಂತು. 1982ರಲ್ಲಿ ಬಂದ 'ಸ್ಪೆಕ್ಟ್ರಮ್' ಅಲ್ಲೇ ತಯಾರಾಗಿ ಬ್ರಿಟನ್ನಿನ ಮನೆಮನೆ ಸೇರಿತು.

ಸ್ಪೆಕ್ಟ್ರಮ್ಮಿನ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆ. ಪ್ರತಿ ಚುಕ್ಕೆಗೂ ಬೇರೆ ಬಣ್ಣ ಕೊಡುವಷ್ಟು ಮೆಮೊರಿ ಇರಲಿಲ್ಲ. ಹಾಗಾಗಿ ಪರದೆಯನ್ನು ಎಂಟಕ್ಕೆ ಎಂಟು ಚುಕ್ಕೆಯ 768 ಚೌಕಗಳಾಗಿ ಹಂಚಿ, ಒಂದು ಚೌಕಕ್ಕೆ ಎರಡೇ ಬಣ್ಣ ಕೊಟ್ಟರು. ಇಡೀ ಚಿತ್ರ 6,912 ಬೈಟುಗಳಲ್ಲಿ ಮುಗಿಯಿತು. ಕೆಂಪು ಬಣ್ಣದ ಬೊಂಬೆ ಹಸಿರು ಮರದ ಮುಂದೆ ಹಾದರೆ ಬಣ್ಣಗಳು ಕಲಸಿಹೋಗುತ್ತಿದ್ದವು. ಈ ಇಕ್ಕಟ್ಟಿನಲ್ಲೇ ಆಟ ಕಟ್ಟುವುದನ್ನು ಆ ಕಾಲದ ಹುಡುಗರು ಕಲಿತರು.

ಟೈಮೆಕ್ಸ್‌ನಲ್ಲಿ ದುಡಿದಿದ್ದ ಡೇವಿಡ್ ಜೋನ್ಸ್ ಕೆಲಸ ಬಿಟ್ಟಾಗ ಕೈಗೆ ಬಂದ ಹಣದಲ್ಲಿ ಅಮಿಗಾ ಕಂಪ್ಯೂಟರ್ ಕೊಂಡರು. ಊರಿನ ಕಂಪ್ಯೂಟರ್ ಕ್ಲಬ್ಬಿನ ಗೆಳೆಯರ ಜೊತೆ 'ಡಿಎಂಎ ಡಿಸೈನ್' ಎಂಬ ಆಟದ ಕಂಪನಿ ಕಟ್ಟಿದರು. ಅವರಲ್ಲೊಬ್ಬರಾದ ಮೈಕ್ ಡೈಲಿ ಎಂಟಕ್ಕೆ ಎಂಟು ಚುಕ್ಕೆಯಲ್ಲೇ ನಡೆದಾಡುವ ಪುಟ್ಟ ಮನುಷ್ಯನನ್ನು ಬಿಡಿಸಿ ತೋರಿಸಿದರು. ಅದರಿಂದ ಹುಟ್ಟಿದ್ದು 1991ರ 'ಲೆಮ್ಮಿಂಗ್ಸ್' ಆಟ. 1997ರಲ್ಲಿ ಅದೇ ಕಂಪನಿಯಿಂದ 'ಗ್ರ್ಯಾಂಡ್ ಥೆಫ್ಟ್ ಆಟೋ' ಬಂತು. ಮುಂದೆ ಆ ಕಂಪನಿ ರಾಕ್‌ಸ್ಟಾರ್ ಗೇಮ್ಸ್‌ನ ಭಾಗವಾಯಿತು.

ಅದೇ 1997ರಲ್ಲಿ ಬೆಂಗಳೂರಿನ ರಾಜೇಶ್ ರಾವ್ ಅವರ 'ಧ್ರುವ ಇಂಟರಾಕ್ಟಿವ್' ಆಟದ ಕೆಲಸಕ್ಕೆ ಇಳಿಯಿತು. ಆಗ ನಮ್ಮಲ್ಲಿ ಈ ವಿದ್ಯೆ ಕಲಿಸುವ ಕಾಲೇಜುಗಳಿರಲಿಲ್ಲ. ಕೆಲಸ ಮಾಡುತ್ತಲೇ ಕಲಿಯಬೇಕಿತ್ತು. ಮುಂದೆ 'ಫೋರ್ಜಾ ಮೋಟರ್‌ಸ್ಪೋರ್ಟ್'ನಂಥ ಹೆಸರಾಂತ ಆಟಗಳಿಗೆ ಧ್ರುವದ ಕಲಾವಿದರು ದುಡಿದರು. ಆಟದೊಳಗಿನ ಕಾರು ಸಾವಿರಾರು ತ್ರಿಕೋನಗಳ ಜೋಡಣೆ. ಕಂಪ್ಯೂಟರ್ ಅವನ್ನೆಲ್ಲ ಸೆಕೆಂಡಿಗೆ 60 ಸಲ ಹೊಸದಾಗಿ ಬಿಡಿಸಬೇಕು. ತ್ರಿಕೋನ ಹೆಚ್ಚಾದರೆ ಓಟ ತಡವರಿಸುತ್ತದೆ. ಕಡಿಮೆಯಾದರೆ ಕಾರಿನ ಮೈ ಒರಟಾಗಿ ಕಾಣುತ್ತದೆ. ಚುಕ್ಕೆ ಉಳಿಸುತ್ತಿದ್ದ ಡಂಡಿಯವರ ಜಾಣ್ಮೆಯೇ ಇಲ್ಲಿ ತ್ರಿಕೋನ ಉಳಿಸುವ ಜಾಣ್ಮೆ. 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯೇ ಧ್ರುವವನ್ನು ಕೊಂಡಿತು.

ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಆ ನೀತಿಯ ಫಲ ಬೆಂಗಳೂರಿನಲ್ಲೇ ನಿಲ್ಲಬಾರದು. ಡಂಡಿಯ ಹುಡುಗರು ಬೆಳೆದದ್ದು ಕಂಪ್ಯೂಟರ್ ಕೈಗೆ ಸಿಕ್ಕಿದ್ದರಿಂದ, ಜೊತೆಗೆ ಕೂತು ಕಲಿಯಲು ಒಂದು ಕ್ಲಬ್ ಇದ್ದುದರಿಂದ. ಕಡೂರು ತಾಲ್ಲೂಕಿನ ಚೌಳಹಿರಿಯೂರಿನಂಥ ಊರುಗಳ ಮಕ್ಕಳಿಗೂ ಇವೆರಡು ಸಿಗಲಿ. ಹಣ ಕೊಡದೆ ಸಿಗುವ 'ಸ್ಕ್ರ್ಯಾಚ್' ತಂತ್ರಾಂಶ ಸಾಕು, ಮೊದಲ ಆಟ ಕಟ್ಟಲು. ಮೇಷ್ಟ್ರುಗಳೇ, ಶಾಲೆಯ ಕಂಪ್ಯೂಟರ್ ಕೊಠಡಿಯ ಬಾಗಿಲನ್ನು ಸಂಜೆ ಒಂದು ಗಂಟೆ ಮಕ್ಕಳಿಗಾಗಿ ತೆರೆದಿಡಿ.