ಚೌಳುನೀರಿನ ಅಕ್ವೇರಿಯಂ: ಸ್ಥಾಪನೆ ಮತ್ತು ನಿರ್ವಹಣೆ

ನದಿಯು ಸಮುದ್ರವನ್ನು ಸೇರುವ ಅಳಿವೆಯಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆತು ಚೌಳುನೀರು ಉಂಟಾಗುತ್ತದೆ. ಶರಾವತಿ, ಅಘನಾಶಿನಿ ನದಿಗಳ ಅಳಿವೆಗಳು ಇದಕ್ಕೆ ಉದಾಹರಣೆ. ಬಾಯಿಯಿಂದ ನೀರು ಚಿಮ್ಮಿಸಿ ಗಿಡಗಳ ಮೇಲಿನ ಕೀಟಗಳನ್ನು ಕೆಡಹುವ ಆರ್ಚರ್ ಮೀನು, ಮೈಮೇಲೆ ಚುಕ್ಕೆಗಳುಳ್ಳ ಸ್ಕ್ಯಾಟ್ ಮೀನು ಇಂತಹ ನೀರಿನಲ್ಲಿ ಬಾಳುತ್ತವೆ. ಅಂಗಡಿಗಳಲ್ಲಿ ಇವುಗಳನ್ನು ಹಲವು ವೇಳೆ ಸಿಹಿನೀರಿನಲ್ಲಿಯೇ ಇಟ್ಟಿರುವುದರಿಂದ ಕೊಳ್ಳುವವರು ತಪ್ಪು ತಿಳಿಯುವುದುಂಟು. ಹಾಗೆಯೇ ಮುಂದುವರಿಸಿದಲ್ಲಿ ಮೀನುಗಳು ಸೊರಗಿ ರೋಗಕ್ಕೆ ತುತ್ತಾಗುತ್ತವೆ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿರುತ್ತದೆ. ಈ ಮೀನುಗಳಿಗೆ ಸುಮಾರು 10 ಗ್ರಾಂ ಸಾಕು. ಅಡುಗೆ ಉಪ್ಪು ಸಲ್ಲದು. ಅದರಲ್ಲಿ ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದ ಲವಣಗಳು ಸಾಕಷ್ಟು ಇರುವುದಿಲ್ಲ. ಸಮುದ್ರ ಅಕ್ವೇರಿಯಂಗೆಂದೇ ತಯಾರಿಸಿದ ಉಪ್ಪನ್ನು ಬಕೆಟ್ಟಿನಲ್ಲಿ ಪೂರ್ಣವಾಗಿ ಕರಗಿಸಿ, ಹೈಡ್ರೋಮೀಟರಿನಿಂದ ಅಳೆದ ನಂತರವೇ ತೊಟ್ಟಿಗೆ ಸೇರಿಸತಕ್ಕದ್ದು. ಸಾಪೇಕ್ಷ ಸಾಂದ್ರತೆಯು 1.005 ರಿಂದ 1.010 ರೊಳಗಿರಬೇಕು. ಮೀನಿನ ತ್ಯಾಜ್ಯದ ಅಮೋನಿಯಾವನ್ನು ಪರಿವರ್ತಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ 4 ರಿಂದ 6 ವಾರ ಬೇಕಾಗುವುದರಿಂದ ಮೀನುಗಳನ್ನು ಬಿಡಲು ಆತುರಪಡಬಾರದು.

ನಿರ್ವಹಣೆಯಲ್ಲಿ ಹೆಚ್ಚಾಗಿ ಆಗುವ ತಪ್ಪು ಒಂದೇ. ನೀರು ಆವಿಯಾದಾಗ ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದುದರಿಂದ ಕಡಿಮೆಯಾದ ಮಟ್ಟವನ್ನು ಕ್ಲೋರಿನ್ ನಿವಾರಿಸಿದ ಸಿಹಿನೀರಿನಿಂದಲೇ ತುಂಬಬೇಕು. ನೀರನ್ನು ಹೊರತೆಗೆದು ಬದಲಾಯಿಸುವಾಗ ಮಾತ್ರ ಉಪ್ಪು ಬೆರೆಸಿದ ನೀರು ಅಗತ್ಯ.

ಬೆರಳುದ್ದದ ಸ್ಕ್ಯಾಟ್ ಮರಿಯು 30 ಸೆಂ.ಮೀ. ವರೆಗೆ ಬೆಳೆಯಬಲ್ಲದು, ಚಿಕ್ಕ ತೊಟ್ಟಿಯಿರುವವರು ಇದನ್ನು ಕೊಳ್ಳದಿರುವುದೇ ಲೇಸು. ಆರ್ಚರ್ ಮೀನಿಗೆ ನೀರಿನ ಮೇಲೆ ಖಾಲಿ ಸ್ಥಳವೂ ಭದ್ರವಾದ ಮುಚ್ಚಳವೂ ಅವಶ್ಯ. ಸಾಕಲಾಗದ ಮೀನುಗಳನ್ನು ಕೆರೆ, ನದಿಗಳಿಗೆ ಬಿಡಬಾರದು.