ಡಿಟಾಕ್ಸ್ ಜೀನ್ ‘ಇಲ್ಲದವರು’ ನಮ್ಮ ಬೀದಿಯಲ್ಲೇ ಇದ್ದಾರೆ

“ನಂಗೆ ಡಿಟಾಕ್ಸ್ ಜೀನೇ ಇಲ್ವಂತೆ.” ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಕಡೆ ಇಂಥ ಮಾತು ಈಗ ಆಗಾಗ ಕಿವಿಗೆ ಬೀಳುತ್ತದೆ. ಎಂಜಲು ತುಂಬಿದ ಪುಟ್ಟ ಕೊಳವೆಯನ್ನು ಕೊರಿಯರ್‌ನಲ್ಲಿ ಕಳಿಸಿದರೆ ಕೆಲವು ವಾರಗಳಲ್ಲಿ ವರದಿ ಫೋನಿಗೇ ಬರುತ್ತದೆ. ಆಹಾರ, ವ್ಯಾಯಾಮ, ಕೂದಲು ಉದುರುವುದು, ಎಲ್ಲ ಮುಗಿದ ಮೇಲೆ ‘ಡಿಟಾಕ್ಸಿಫಿಕೇಶನ್’ ಎಂಬ ಪುಟ. ಜಿಎಸ್‌ಟಿಎಂ1 ಎಂಬ ಜೀನಿನ ಎದುರು ಕೆಂಪಕ್ಷರದಲ್ಲಿ ‘ನಲ್’, ಅಂದರೆ ಇಲ್ಲ. ಅದರ ಕೆಳಗೆ ಗ್ಲುಟಥಯೋನ್ ಮಾತ್ರೆಯ ಸಲಹೆ. ಓದಿದವರಿಗೆ ಮೈಯಲ್ಲೆಲ್ಲ ವಿಷ ತುಂಬಿಕೊಂಡಿದೆ ಅನ್ನಿಸಿದರೆ ಅದು ಅವರ ತಪ್ಪಲ್ಲ. ವರದಿ ಹೇಳಲೇಬೇಕಿದ್ದ ಒಂದು ಸಂಗತಿಯನ್ನು ಹೇಳಿಲ್ಲ: ಆರೋಗ್ಯವಾಗಿರುವವರಲ್ಲಿ ಈ ‘ನಲ್’ ಎಷ್ಟು ಮಂದಿಗಿದೆ?

ಬಹಳ ಮಂದಿಗಿದೆ. ಯುರೋಪಿನಲ್ಲಿ ಸುಮಾರು ಅರ್ಧ ಜನರಲ್ಲಿ ಜಿಎಸ್‌ಟಿಎಂ1 ಜೀನಿನ ಎರಡೂ ಪ್ರತಿಗಳು ಪೂರ್ತಿ ಅಳಿಸಿಹೋಗಿವೆ. ಭಾರತೀಯರಲ್ಲಿ ಪ್ರಮಾಣ ಅದಕ್ಕಿಂತ ಕಡಿಮೆ, ಹೆಚ್ಚು ಕಡಿಮೆ ಮೂರು ನಾಲ್ಕು ಜನರಲ್ಲಿ ಒಬ್ಬರಿಗೆ. ನವರಂಗ್ ಸರ್ಕಲ್‌ನಲ್ಲಿ ನಿಂತ ಒಂದು ಬಿಎಂಟಿಸಿ ಬಸ್ಸಿನಲ್ಲಿ ಹತ್ತಾರು ಮಂದಿಗೆ ಈ ಜೀನ್ ಇರಲಿಕ್ಕಿಲ್ಲ, ಅವರಿಗೆ ಅದರ ಸುಳಿವೂ ಇರುವುದಿಲ್ಲ. ಇದರ ಜೊತೆಯ ಜಿಎಸ್‌ಟಿಟಿ1 ಎಂಬ ಜೀನ್ ಪೂರ್ವ ಏಷ್ಯಾದಲ್ಲಿ ಅರ್ಧದಷ್ಟು ಜನರಿಗೆ ಇಲ್ಲ. ಇಷ್ಟು ಜನರಲ್ಲಿ ಇಲ್ಲದ್ದನ್ನು ಕೆಂಪಕ್ಷರದಲ್ಲಿ ಬರೆಯುವುದು ಸರಿಯಲ್ಲ.

ಇಲ್ಲದಿದ್ದರೂ ನಡೆಯುವುದು ಹೇಗೆ? ಲಿವರ್‌ನಲ್ಲಿ ಬೇಡದ ರಾಸಾಯನಿಕಗಳನ್ನು ಹೊರಹಾಕುವ ಕೆಲಸಕ್ಕೆ ಒಂದೇ ಕಿಣ್ವವಿಲ್ಲ, ಜಿಎಸ್‌ಟಿ ಕಿಣ್ವಗಳ ದೊಡ್ಡ ಕುಟುಂಬವೇ ಇದೆ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುತ್ತಾರೆ. ಇನ್ನೊಂದು ಸ್ವಾರಸ್ಯವೂ ಇದೆ. ಎಲೆಕೋಸು, ಹೂಕೋಸು, ಮೂಲಂಗಿಯಲ್ಲಿರುವ ಐಸೋಥಯೋಸಯನೇಟ್ ಎಂಬ ರಾಸಾಯನಿಕಗಳನ್ನು ಹೊರಹಾಕುವುದೂ ಇದೇ ಜಿಎಸ್‌ಟಿ ಕಿಣ್ವಗಳ ಕೆಲಸ. 2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ ಮಧ್ಯ ಮತ್ತು ಪೂರ್ವ ಯುರೋಪಿನ ಅಧ್ಯಯನವೊಂದರಲ್ಲಿ, ಕೋಸಿನ ಜಾತಿಯ ತರಕಾರಿ ತಿಂದವರಿಗೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಿಕ್ಕ ರಕ್ಷಣೆ ಈ ಎರಡೂ ಜೀನ್‌ಗಳಿಲ್ಲದವರಲ್ಲೇ ಎದ್ದು ಕಂಡಿತು. ತರಕಾರಿಯ ಒಳ್ಳೆಯ ಅಂಶ ಅವರ ಮೈಯಲ್ಲಿ ಹೆಚ್ಚು ಹೊತ್ತು ಉಳಿದದ್ದು ಕಾರಣವಿರಬಹುದು ಎಂಬುದು ಸಂಶೋಧಕರ ವಿವರಣೆ. ಜೀನ್ ಇಲ್ಲದಿರುವುದು ಸದಾ ನಷ್ಟವೇ ಅಲ್ಲ.

ಜನ ಎಡವುವುದು ಲೆಕ್ಕದಲ್ಲಿ. ಸುಸ್ತು, ಮೈಕೈ ನೋವು ಎಂದು ಬಂದ ನೂರು ಮಂದಿಯನ್ನು ಪರೀಕ್ಷಿಸಿ, ಮೂವತ್ತು ಮಂದಿಗೆ ಜಿಎಸ್‌ಟಿಎಂ1 ಇಲ್ಲ ಎಂದು ಕಂಡರೆ ಕಾರಣ ಸಿಕ್ಕಿತು ಅನ್ನಿಸುತ್ತದೆ. ಅದೇ ಬಡಾವಣೆಯ ಗಟ್ಟಿಮುಟ್ಟಾದ ನೂರು ಮಂದಿಯಲ್ಲೂ ಮೂವತ್ತು ಮಂದಿಗೆ ಇಲ್ಲದಿದ್ದರೆ ಆ ಸುಸ್ತಿಗೂ ಜೀನಿಗೂ ಸಂಬಂಧವಿಲ್ಲ. ಆದ್ದರಿಂದಲೇ ಆರೋಗ್ಯವಂತರ ಜೀನ್ ಪಟ್ಟಿ ಬೇಕು. 2020ರಲ್ಲಿ ಶುರುವಾದ ಜೀನೋಮ್ ಇಂಡಿಯಾ ಯೋಜನೆ ಅದನ್ನೇ ಮಾಡಿದೆ. ದೇಶದ 83 ಸಮುದಾಯಗಳ ಸುಮಾರು 10 ಸಾವಿರ ಆರೋಗ್ಯವಂತರ ಜೀನೋಮ್ ಓದಿದ ಈ ಕೆಲಸದ ಸಮನ್ವಯ ನಡೆದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಭಾರತೀಯ ವಿಜ್ಞಾನ ಸಂಸ್ಥೆ) ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನಲ್ಲಿ.

ವರದಿಯಲ್ಲಿ ‘ಸ್ಲೋ’ ಎಂದು ಬರೆದಿದ್ದರೆ ಕೆಟ್ಟದ್ದು ಎಂಬುದು ಇನ್ನೊಂದು ನಂಬಿಕೆ. ಎನ್‌ಎಟಿ2 ಎಂಬ ಜೀನಿನ ನಿಧಾನ ರೂಪ ದಕ್ಷಿಣ ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗಿದೆ. ಜಪಾನಿನಲ್ಲಿ ಹತ್ತರಲ್ಲಿ ಒಬ್ಬರಿಗೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್ ಔಷಧವನ್ನು ಅರಗಿಸುವುದು ಈ ಜೀನಿನ ಕಿಣ್ವವೇ. ಮದ್ರಾಸಿನ ಕ್ಷಯ ಚಿಕಿತ್ಸಾ ಕೇಂದ್ರದಲ್ಲಿ ವಾರಕ್ಕೊಮ್ಮೆ ಮಾತ್ರ ಐಸೋನಿಯಜಿಡ್, ಸ್ಟ್ರೆಪ್ಟೋಮೈಸಿನ್ ಕೊಟ್ಟು ನೋಡಿದಾಗ, ಫಲಿತಾಂಶ ಕಳಪೆಯಾದದ್ದು ‘ಫಾಸ್ಟ್’ ಗುಂಪಿನವರಲ್ಲಿ! ಔಷಧ ಕೆಲಸ ಮಾಡುವ ಮೊದಲೇ ಅವರ ಮೈ ಅದನ್ನು ಅರಗಿಸಿಬಿಡುತ್ತಿತ್ತು. ದಿನವೂ ಮಾತ್ರೆ ಕೊಟ್ಟರೆ ಈ ಅಂತರ ಉಳಿಯಲಿಲ್ಲ. ಇನ್ನೊಂದು ಕಡೆ, ನಿಧಾನದವರಲ್ಲಿ ಕೈಕಾಲು ಜೋಮು ಹಿಡಿಯುವ ಸಾಧ್ಯತೆ ಹೆಚ್ಚು, ಅದಕ್ಕೆ ಜೊತೆಯಲ್ಲಿ ಬಿ6 ಕೊಡುತ್ತಾರೆ. ಯಾವುದು ಲಾಭ, ಯಾವುದು ನಷ್ಟ ಎಂಬುದನ್ನು ಔಷಧ ಮತ್ತು ಅದರ ಪ್ರಮಾಣ ತೀರ್ಮಾನಿಸುತ್ತವೆ.

ವೇಗವೂ ಜೀನ್ ಒಂದರಿಂದಲೇ ಬರುವುದಲ್ಲ. ಕಾಫಿಯ ಕೆಫೀನನ್ನು ಅರಗಿಸುವ ಕಿಣ್ವ ಸಿಗರೇಟು ಸೇದುವವರಲ್ಲಿ ಚುರುಕಾಗುತ್ತದೆ, ಗರ್ಭಿಣಿಯರಲ್ಲಿ ನಿಧಾನವಾಗುತ್ತದೆ. ದೇವನಹಳ್ಳಿಯ ಹೆಸರಾದ ಚಕ್ಕೋತದಂಥ ಹಣ್ಣೂ ಕರುಳಿನ ಒಂದು ಕಿಣ್ವವನ್ನು ತಡೆಯಬಲ್ಲದು. ಕಿಡ್ನಿ ಕಸಿ ಮಾಡಿಸಿಕೊಂಡು, ಆ ಕಿಣ್ವವೇ ಅರಗಿಸುವ ಸೈಕ್ಲೋಸ್ಪೋರಿನ್ ಅಥವಾ ಟ್ಯಾಕ್ರೋಲಿಮಸ್ ತೆಗೆದುಕೊಳ್ಳುವವರು ಚಕ್ಕೋತ ತಿನ್ನುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ನನಗೆ ಎಲ್ಲಕ್ಕಿಂತ ಕಳವಳ ತಂದಿರುವುದು ಎಂಟಿಎಚ್‌ಎಫ್‌ಆರ್. ವರದಿಗಳು ಇದನ್ನೂ ಡಿಟಾಕ್ಸ್ ಪಟ್ಟಿಗೆ ಸೇರಿಸುತ್ತವೆ. ಇದರ ನಿಜವಾದ ಕೆಲಸ ಫೋಲೇಟ್ ಎಂಬ ವಿಟಮಿನ್ನಿನ ಬಳಕೆಗೆ ಸಂಬಂಧಿಸಿದ್ದು. “ಈ ಜೀನ್ ಇದ್ದರೆ ಫೋಲಿಕ್ ಆ್ಯಸಿಡ್ ಮೈಗೆ ಹತ್ತುವುದಿಲ್ಲ, ವಿಷವಾಗುತ್ತದೆ” ಎಂದು ಕೇಳಿ ಮಾತ್ರೆ ನಿಲ್ಲಿಸುವ ಗರ್ಭಿಣಿಯರಿದ್ದಾರೆ. ಇದು ಸುಳ್ಳು. ಈ ಜೀನಿನಲ್ಲಿ ಬದಲಾವಣೆ ಇರುವವರ ಮೈಯೂ ಫೋಲಿಕ್ ಆ್ಯಸಿಡನ್ನು ಬಳಸಿಕೊಳ್ಳುತ್ತದೆ. ಮಗುವಿನ ಬೆನ್ನುಹುರಿಯ ದೋಷವನ್ನು ತಡೆಯಬಹುದೆಂದು ಸಾಬೀತುಮಾಡಿದ 1991ರ ಬ್ರಿಟಿಷ್ ಪ್ರಯೋಗದಲ್ಲಿ ಕೊಟ್ಟದ್ದು ಸಾಮಾನ್ಯ ಫೋಲಿಕ್ ಆ್ಯಸಿಡನ್ನೇ. ಹಿಂದೆ ಅಂಥ ಮಗುವನ್ನು ಹೆತ್ತ ತಾಯಂದಿರಲ್ಲಿ ದೋಷ ಮರುಕಳಿಸುವ ಸಾಧ್ಯತೆ ಅದರಿಂದ 72% ಇಳಿಯಿತು. ನಮ್ಮ ಪಿ.ಎಚ್.ಸಿ.ಗಳಲ್ಲಿ ಪುಕ್ಕಟೆ ಸಿಗುವ ಕಬ್ಬಿಣದ ಮಾತ್ರೆಯಲ್ಲಿ 500 ಮೈಕ್ರೋಗ್ರಾಂ ಇರುವುದೂ ಅದೇ. ಹೆಚ್ಚು ಚರ್ಚೆಯಾಗುವ ‘677ಟಿ’ ಬದಲಾವಣೆಯ ಎರಡೂ ಪ್ರತಿ ಇರುವವರು ಭಾರತದಲ್ಲಿ ನೂರಕ್ಕೆ ಕೆಲವೇ ಮಂದಿ. ಇಟಲಿ, ಮೆಕ್ಸಿಕೊಗಳಲ್ಲಿ ಅಂಥವರು ಎಷ್ಟೋ ಪಾಲು ಹೆಚ್ಚು. ಸಸ್ಯಾಹಾರಿ ಮನೆಗಳು ಹೆಚ್ಚಿರುವ ನಮ್ಮ ಬಡಾವಣೆಗಳಲ್ಲಿ ಈ ಜೀನಿನ ಜೊತೆ ತಳುಕು ಹಾಕುವ ಹೋಮೋಸಿಸ್ಟೀನ್ ಎಂಬ ಅಂಶ ರಕ್ತದಲ್ಲಿ ಜಾಸ್ತಿ ಎಂದು ವರದಿ ಬಂದರೆ ಮೊದಲು ನೋಡಬೇಕಾದ್ದು ಬಿ12 ಮಟ್ಟವನ್ನು. ಬಿ12 ಕೊರತೆ ಅಗ್ಗದ ಮಾತ್ರೆ, ಇಂಜೆಕ್ಷನ್‌ಗಳಲ್ಲಿ ಸರಿಹೋಗುತ್ತದೆ.

ಹಾಗಾದರೆ ಈ ಜೀನ್‌ಗಳಿಗೆ ಬೆಲೆಯೇ ಇಲ್ಲವೇ? ಇದೆ, ಕೆಲವು ಸಲ ಜೀವದ ಬೆಲೆ. ಆಪರೇಷನ್ ಥಿಯೇಟರ್‌ನಲ್ಲಿ ಅರಿವಳಿಕೆ ಡಾಕ್ಟರು ‘ಸ್ಕೋಲಿನ್’, ಅಂದರೆ ಸಕ್ಸಿನೈಲ್‌ಕೋಲಿನ್ ಚುಚ್ಚುತ್ತಾರೆ. ರೋಗಿಯ ರೆಪ್ಪೆ, ಭುಜ, ತೊಡೆಯ ಸ್ನಾಯುಗಳು ಸಣ್ಣಗೆ ಅದುರಿ, ಒಂದು ನಿಮಿಷದೊಳಗೆ ಪೂರ್ತಿ ಸಡಿಲವಾಗುತ್ತವೆ. ಉಸಿರೂ ನಿಲ್ಲುತ್ತದೆ. ಆಗ ಗಂಟಲಿಗೆ ಕೊಳವೆ ಇಳಿಸುತ್ತಾರೆ. ರಕ್ತದಲ್ಲಿರುವ ಬ್ಯೂಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಔಷಧವನ್ನು ಒಡೆದುಹಾಕುತ್ತದೆ, ಐದು ಹತ್ತು ನಿಮಿಷದಲ್ಲಿ ಉಸಿರು ಮರಳುತ್ತದೆ. ಈ ಕಿಣ್ವ ಇಲ್ಲದವರಿಗೆ ಅಷ್ಟು ಬೇಗ ಮರಳುವುದಿಲ್ಲ. ಗಂಟೆಗಟ್ಟಲೆ ವೆಂಟಿಲೇಟರ್ ಮೇಲೆ, ನಿದ್ದೆಯಲ್ಲೇ ಇರಿಸಿ ಕಾಯಬೇಕು.

ಈ ಕೊರತೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ಆರ್ಯವೈಶ್ಯ ಸಮುದಾಯದಲ್ಲಿ ಉಳಿದವರಿಗಿಂತ ಸುಮಾರು 100 ಪಟ್ಟು ಹೆಚ್ಚು ಎಂದು 2017ರ ನೇಚರ್ ಜೆನೆಟಿಕ್ಸ್ ಲೇಖನ ದಾಖಲಿಸಿದೆ. ಬಿಸಿಎಚ್‌ಇ ಜೀನ್ ತಯಾರಿಸುವ ಈ ಕಿಣ್ವದ 307ನೇ ಸ್ಥಾನದಲ್ಲಿ ಲ್ಯೂಸಿನ್ ಬದಲು ಪ್ರೋಲಿನ್ ಬಂದಿರುವುದನ್ನು 2006ರಲ್ಲೇ ಗುರುತಿಸಿದ್ದರು. ಬಹಳ ಹಿಂದೆ ಕಡಿಮೆ ಜನರಿಂದ ಬೆಳೆದು, ತಲೆಮಾರುಗಳ ಕಾಲ ಒಳಗೊಳಗೇ ಮದುವೆಯಾಗುತ್ತ ಬಂದ ಯಾವ ಸಮುದಾಯದಲ್ಲಾದರೂ ಇಂಥದ್ದೊಂದು ಬದಲಾವಣೆ ಹೆಚ್ಚಿ ನಿಲ್ಲಬಹುದು. ಭಾರತದಲ್ಲಿ ಅಂಥ ಸಮುದಾಯಗಳು ಹತ್ತಾರಿವೆ. ಇದರಲ್ಲಿ ಯಾರೂ ತಲೆತಗ್ಗಿಸುವಂಥದ್ದು ಏನೂ ಇಲ್ಲ. ಈ ಕಿಣ್ವ ಇಲ್ಲದವರು ಅಂಗಡಿ ನಡೆಸುತ್ತಾರೆ, ಮಕ್ಕಳನ್ನು ಬೆಳೆಸುತ್ತಾರೆ, ಎಂಬತ್ತು ದಾಟುತ್ತಾರೆ. ಅವರ ಮೈಯಲ್ಲಿ ಯಾವ ವಿಷವೂ ಕೂಡಿಕೊಂಡಿಲ್ಲ, ಯಾವ ಡಿಟಾಕ್ಸ್ ಪಾನಕವೂ ಬೇಡ. ಬೇಕಾದ್ದು ಆಪರೇಷನ್‌ಗೆ ಮೊದಲು ಒಂದು ಮಾತು: “ನಮ್ಮ ಮನೆಯಲ್ಲಿ ಯಾರಿಗೋ ಅರಿವಳಿಕೆ ಆದಮೇಲೆ ಉಸಿರು ಬರಲು ತಡವಾಗಿತ್ತು.” ಇದನ್ನು ಕೇಳಿದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸುತ್ತಾರೆ ಅಥವಾ ಬೇರೆ ಔಷಧ ಬಳಸುತ್ತಾರೆ. ಅಷ್ಟಕ್ಕೇ ಅಪಾಯ ತಪ್ಪುತ್ತದೆ.

ಸ್ಟೆಂಟ್ ಹಾಕಿಸಿಕೊಂಡವರಿಗೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕ್ಲೋಪಿಡೋಗ್ರೆಲ್ ಕಥೆಯೂ ಇದೇ ಬಗೆಯದು. ಆ ಔಷಧ ಲಿವರ್‌ನಲ್ಲಿ ಸಿವೈಪಿ2ಸಿ19 ಕಿಣ್ವ ಮುಟ್ಟಿದ ಮೇಲೆಯೇ ಕೆಲಸಕ್ಕೆ ಬರುತ್ತದೆ. ನಮ್ಮಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸಿನಲ್ಲಿ ಈ ಕಿಣ್ವ ಬಹಳ ದುರ್ಬಲ. ಅಮೆರಿಕದ ಎಫ್‌ಡಿಎ 2010ರಲ್ಲೇ ಈ ಬಗ್ಗೆ ಎಚ್ಚರಿಕೆ ಮುದ್ರಿಸಿತು. ಇದು ಹೃದಯದ ಡಾಕ್ಟರ ಬಳಿ ಕೇಳಬೇಕಾದ ಪ್ರಶ್ನೆ. ಕೇಳದೆ ಮಾತ್ರೆ ನಿಲ್ಲಿಸಬೇಡಿ.

ವಿಷದ ಭಯವೇ ಇದ್ದರೆ ಪಶ್ಚಿಮ ಬೆಂಗಳೂರಿನಲ್ಲಿ ಅದಕ್ಕೆ ನಿಜವಾದ ಜಾಗಗಳಿವೆ. ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹೋಗುವ ವೃಷಭಾವತಿಯಲ್ಲಿ ಕಾರ್ಖಾನೆ, ಮನೆಗಳ ಕೊಳಚೆ ಹರಿಯುತ್ತಿದೆ. ಪೀಣ್ಯದ ಅಂತರ್ಜಲದಲ್ಲಿ ಎಲೆಕ್ಟ್ರೋಪ್ಲೇಟಿಂಗ್‌ನಿಂದ ಸೇರಿದ ಕ್ರೋಮಿಯಂ ಪತ್ತೆಯಾಗಿದೆ. ಇವು ಯಾರ ಜೀನ್ ಹೇಗಿದ್ದರೂ ಕೆಡುಕು ಮಾಡುತ್ತವೆ, ಎಂಜಲಿನ ಕೊಳವೆಯಲ್ಲಿ ಇವು ಸಿಗುವುದಿಲ್ಲ. ಪೀಣ್ಯದ ಪ್ಲೇಟಿಂಗ್ ಶೆಡ್ಡಿನಲ್ಲಿ ದುಡಿಯುವವರು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಕೆಮ್ಮು ಎಂದೋ ಚರ್ಮದ ಹುಣ್ಣು ಎಂದೋ ಹೋದಾಗ, ಯಾವ ರಾಸಾಯನಿಕದ ಜೊತೆ ಎಷ್ಟು ವರ್ಷದಿಂದ ಕೆಲಸ, ಕೈಗವಸು ಕೊಟ್ಟಿದ್ದಾರೋ ಇಲ್ಲವೋ ಎಂಬುದನ್ನು ಬಾಯಿಬಿಟ್ಟು ಹೇಳಬೇಕು, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಬೇಕು.