ಕೋಲಾರದ ಗಣಿಯಲ್ಲಿ ಅನಿಲದ ಮೂಲಕ ಕಣಪಥದರ್ಶನ

ಪರಮಾಣುವಿಗಿಂತ ಸೂಕ್ಷ್ಮವಾದ ಕಣಗಳು ಕಣ್ಣಿಗೆ ಗೋಚರವಾಗತಕ್ಕವುಗಳಲ್ಲ. ಅವು ಹಾದುಹೋದ ದಾರಿಯ ಗುರುತಿನಿಂದಲೇ ಅವುಗಳ ಇರವನ್ನು ತಿಳಿಯಬೇಕು. ಆ ಗುರುತನ್ನು ಹಿಡಿಯಲು ಅನಿಲವು ಹೇಗೆ ಸಾಧನವಾಗುತ್ತದೆಂಬುದಕ್ಕೆ ಕೋಲಾರದ ಚಿನ್ನದ ಗಣಿಯಲ್ಲಿ ನಡೆದ ಪ್ರಯೋಗಗಳು ಉತ್ತಮ ನಿದರ್ಶನವಾಗಿವೆ.

ವಿದ್ಯುದಂಶವುಳ್ಳ ಕಣವು ಅನಿಲದಲ್ಲಿ ವೇಗದಿಂದ ಸಾಗುವಾಗ ದಾರಿಯಲ್ಲಿನ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಬೇರ್ಪಡಿಸುತ್ತದೆ. ಅನಿಲದಲ್ಲಿ ಪರಮಾಣುಗಳು ವಿರಳವಾಗಿರುವುದರಿಂದ ಈ ಎಲೆಕ್ಟ್ರಾನುಗಳು ವಿದ್ಯುದ್ಬಲಕ್ಕೊಳಗಾಗಿ ಓಡಿ, ಬೇರೆ ಪರಮಾಣುಗಳನ್ನು ತಾಕಿ, ಮತ್ತಷ್ಟು ಎಲೆಕ್ಟ್ರಾನುಗಳನ್ನು ಹೊರಡಿಸುತ್ತವೆ. ಹೀಗೆ ಅತ್ಯಲ್ಪವಾದ ಮೊದಲ ಗುರುತು ವೃದ್ಧಿಹೊಂದಿ ಬೆಳಕಾಗಿಯೋ ವಿದ್ಯುತ್ಸ್ಪಂದವಾಗಿಯೋ ಪ್ರಕಟವಾಗುತ್ತದೆ. ನಿಯಾನ್, ಆರ್ಗಾನ್ ಮೊದಲಾದ ಜಡಾನಿಲಗಳು ಎಲೆಕ್ಟ್ರಾನುಗಳನ್ನು ಹೀರಿಕೊಳ್ಳುವುದಿಲ್ಲವಾದುದರಿಂದ ಈ ಕಾರ್ಯಕ್ಕೆ ಯೋಗ್ಯವಾದುವು.

ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು 1950ರ ದಶಕದ ಆದಿಯಲ್ಲಿ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪರವಾಗಿ, ಈ ಗಣಿಯೊಳಗೆ ವಿಶ್ವಕಿರಣಗಳ ಮಾಪನವನ್ನು ಕೈಗೊಂಡರು. ಆಳಕ್ಕೆ ಇಳಿದಂತೆಲ್ಲ ಮೇಲಿನಿಂದ ಬರುವ ಮ್ಯೂಆನ್ ಕಣಗಳನ್ನು ಬಂಡೆಯು ತಡೆಯುತ್ತದೆ. ಈ ನಿಶ್ಶಬ್ದಪ್ರಾಯವಾದ ಸ್ಥಳದಲ್ಲಿ ನ್ಯೂಟ್ರಿನೋವನ್ನು ಅರಸಬಹುದೆಂದು ಮುಂದೆ ತೋರಿತು.

ನ್ಯೂಟ್ರಿನೋಗೆ ವಿದ್ಯುದಂಶವಿಲ್ಲ, ಅನಿಲದಲ್ಲಿ ಅದರ ಗುರುತು ಮೂಡದು. ಆದರೆ ಅದು ಅತಿ ವಿರಳವಾಗಿ ಬಂಡೆಯ ಪರಮಾಣುವಿಗೆ ತಾಕಿ ಮ್ಯೂಆನನ್ನು ಹುಟ್ಟಿಸುತ್ತದೆ. ಇದನ್ನು ಆಕಾಶದಿಂದ ಬಂದ ಮ್ಯೂಆನಿನಿಂದ ಪ್ರತ್ಯೇಕಿಸುವುದು ಹೇಗೆ? ಆಕಾಶದಿಂದ ಬಂದದ್ದು ಅಡ್ಡಲಾಗಿ ಬರಬೇಕಾದರೆ ಅನೇಕ ಪಾಲು ಹೆಚ್ಚು ಬಂಡೆಯನ್ನು ದಾಟಬೇಕು, ಅದು ಅಸಾಧ್ಯ. ಆದುದರಿಂದ ಅಡ್ಡಲಾಗಿ ಸಾಗಿದ ಪಥವು ನ್ಯೂಟ್ರಿನೋವಿನ ಸಂತತಿಯೇ ಸರಿ. ಕಣಗಳನ್ನು ಎಣಿಸಿದರೆ ಸಾಲದು, ದಿಕ್ಕನ್ನೂ ಅರಿಯಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸುಮಾರು 2,300 ಮೀಟರ್ ಆಳದಲ್ಲಿ ಸಾಲಾಗಿ ಜೋಡಿಸಿದ ನಿಯಾನ್ ತುಂಬಿದ ಗಾಜಿನ ಕೊಳವೆಗಳು ಈ ಕಾರ್ಯವನ್ನು ನೆರವೇರಿಸಿದುವು. ಕಣವು ಹಾದೊಡನೆ ಹೆಚ್ಚಿನ ವಿದ್ಯುದೊತ್ತಡವನ್ನು ಕ್ಷಣಕಾಲ ಕೊಟ್ಟರೆ, ಅದು ದಾಟಿದ ಕೊಳವೆಗಳು ಮಾತ್ರ ಮಿನುಗುತ್ತವೆ. ಛಾಯಾಚಿತ್ರದಲ್ಲಿ ಪಥವು ಕಾಣುತ್ತದೆ. ಟಾಟಾ ಸಂಸ್ಥೆಯವರೂ ಡರ್ಹಮ್ ಮತ್ತು ಓಸಾಕ ನಗರ ವಿಶ್ವವಿದ್ಯಾಲಯಗಳವರೂ ಕೂಡಿ 1965ರಲ್ಲಿ ಇಂತಹ ಪಥಗಳನ್ನು ಕಂಡು ಪ್ರಕಟಿಸಿದರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ಅವರ ತಂಡವೂ ಇವನ್ನು ಕಂಡಿತು.

1980ರಲ್ಲಿ ಪ್ರೋಟಾನು ನಶಿಸುವುದೇ ಎಂಬುದನ್ನು ಪರೀಕ್ಷಿಸಲು, ಕಬ್ಬಿಣದ ಹಲಗೆಗಳ ನಡುವೆ ಅನಿಲ ತುಂಬಿದ ಪ್ರಮಾಣಾನುಸಾರಿ ಗಣಕಗಳನ್ನು 34 ಪದರಗಳಲ್ಲಿ ಜೋಡಿಸಿದ ಸುಮಾರು 140 ಟನ್ನಿನ ಉಪಕರಣವು ಸಿದ್ಧವಾಯಿತು. ಇವುಗಳಲ್ಲಿ ಪ್ರತಿಯೊಂದರ ನಡುವೆಯೂ ಒಂದು ತಂತಿಯಿರುತ್ತದೆ. ಸ್ಪಂದದ ಪ್ರಮಾಣದಿಂದ ಕಣವು ಕಳೆದುಕೊಂಡ ಶಕ್ತಿಯನ್ನೂ ತಿಳಿಯಬಹುದು. ದೊರೆತ ಕೆಲವು ಪಥಗಳನ್ನು ಪ್ರೋಟಾನಿನ ನಾಶದ ಚಿಹ್ನೆಗಳಾಗಿರಬಹುದೆಂದು ಸಂಶೋಧಕರು ಮುಂದಿಟ್ಟರು. ಜಪಾನ್, ಅಮೆರಿಕಗಳ ದೊಡ್ಡ ಉಪಕರಣಗಳು ಇದನ್ನು ಸಮರ್ಥಿಸಲಿಲ್ಲ.

ಶಿಲಾಶಾಸನದಲ್ಲಿ ಅಕ್ಷರವು ಸ್ಪಷ್ಟವಾಗಿದ್ದರೂ ಅರ್ಥನಿರ್ಣಯಕ್ಕೆ ಬೇರೆ ಆಧಾರಗಳು ಬೇಕಾಗುವಂತೆ, ಇಲ್ಲಿಯೂ ಪಥವು ಸತ್ಯವಾಗಿದ್ದಿತು. ಅದರ ಅರ್ಥವು ಮಾತ್ರ ಸಿದ್ಧವಾಗಲಿಲ್ಲ. ಗಣಿಯು 2001ರಲ್ಲಿ ಮುಚ್ಚಿತು. 1965ರ ಪಥಗಳ ಅರ್ಥವಾದರೋ ಇಂದಿಗೂ ಅಚಲವಾಗಿ ನಿಂತಿದೆ.